ಚಾಲೂ ಆಗದ ಮರಿ ಟ್ರ್ಯಾಕ್ಟರ್

“ಗುರುಗಳೇ, ತಪ್ಪು ಮಾಡಿದವನು ತಾನಾಗಿ ಬಂದು ಮಾತನಾಡಿಸದಿದ್ದರೆ, ತಪ್ಪು ಮಾಡದವನೇ ಮೊದಲು ಹೋಗಬೇಕೇ?” ಎಂದು ಶಿಷ್ಯ ಕೇಳಿದ.

ಅವನು ಇದನ್ನು ಯಾಕೆ ಕೇಳುತ್ತಿದ್ದಾನೆಂದು ಗುರುಗಳಿಗೆ ಗೊತ್ತಿತ್ತು. ಮಠದ ದಾಸೋಹದಲ್ಲಿ ಅವನೂ ಇನ್ನೊಬ್ಬ ಸಾಧಕನೂ ಒಂದೇ ಪಂಕ್ತಿಗೆ ಬಡಿಸುತ್ತಿದ್ದರು. ಇವನು ರೊಟ್ಟಿ ಹಾಕಿಕೊಂಡು ಮುಂದೆ ಹೋದರೆ ಅವನು ಪಲ್ಯ ಹಾಕುತ್ತ ಹಿಂದೆ ಬರುತ್ತಿದ್ದ. ಹಿಂದೊಮ್ಮೆ ಒಂದೇ ತಟ್ಟೆಯಲ್ಲಿ ಉಂಡವರು. ಈಗ ಬಹಳ ದಿನಗಳಿಂದ ಇಬ್ಬರ ನಡುವೆ ಮಾತಿರಲಿಲ್ಲ. ಪಲ್ಯ ತೀರಿದರೆ ಅವನು ಅದನ್ನು ಇವನಿಗೆ ಹೇಳುತ್ತಿರಲಿಲ್ಲ, ಉಣ್ಣಲು ಕೂತವರಿಗೆ ಹೇಳುತ್ತಿದ್ದ.

ಏನು ನಡೆಯಿತು, ಯಾರದು ಸರಿ ಎಂದು ಗುರುಗಳು ವಿಚಾರಿಸಲಿಲ್ಲ. ಕೂತುಕೋ ಎಂದು ಕೈ ತೋರಿಸಿ ಈ ಕತೆ ಹೇಳಿದರು.

ವಿಜಯಪುರದ ಕಡೆ ಒಂದು ಊರಿನಲ್ಲಿ ಧರೆಪ್ಪ ಎಂಬ ರೈತನಿದ್ದ. ದ್ರಾಕ್ಷಿ ಬೆಳೆಯುತ್ತಿದ್ದ. ಅವನ ಬೇಲಿಗೆ ಹತ್ತಿಕೊಂಡೇ ಸಿದಗೊಂಡನ ತೋಟ. ಅವನೂ ದ್ರಾಕ್ಷಿಯವನೇ. ಇಬ್ಬರೂ ಕೂಡಿ ಶಾಲೆಗೆ ಹೋದವರು, ಕೂಡಿಯೇ ಶಾಲೆ ಬಿಟ್ಟವರು, ಒಂದೇ ವರ್ಷ ಬಳ್ಳಿ ನೆಟ್ಟವರು. ಧರೆಪ್ಪನ ಬಾವಿಯಲ್ಲಿ ನೀರು ಕಡಿಮೆಯಾದರೆ ಸಿದಗೊಂಡನ ಬಾವಿಯ ಪೈಪು ಬೇಲಿ ದಾಟಿ ಬರುತ್ತಿತ್ತು. ಯಾರೂ ಕೇಳಬೇಕಾಗಿರಲಿಲ್ಲ. ಬೇಲಿಯಲ್ಲಿ ಒಂದು ಕಂಡಿ ಇತ್ತು. ಎರಡೂ ಮನೆಯವರು ಅದರಲ್ಲೇ ಓಡಾಡುತ್ತಿದ್ದರು.

ಅವರು ಬಳ್ಳಿ ನೆಟ್ಟಾಗ ಆ ಭಾಗಕ್ಕೆ ದ್ರಾಕ್ಷಿ ಹೊಸದು. ತಿಳಿಯದೆ ಸಾಲುಗಳನ್ನು ತೀರ ಒತ್ತಾಗಿ ಹಾಕಿಬಿಟ್ಟಿದ್ದರು. ಔಷಧ ಹೊಡೆಯಲು ದೊಡ್ಡ ಟ್ರ್ಯಾಕ್ಟರ್ ತಂದರೆ ಅದು ಸಾಲುಗಳ ನಡುವೆ ಹಿಡಿಯುತ್ತಿರಲಿಲ್ಲ. ಸೋಲಾಪುರದಲ್ಲಿ ಯಾವುದೋ ಹಳೆಯ ಬಂಗಲೆಯ ಸಾಮಾನು ಮಾರುತ್ತಿದ್ದಾರೆಂದು ಕೇಳಿ ಇಬ್ಬರೂ ಹೋದರು. ಬಂಗಲೆಯ ತೋಟಕ್ಕೆಂದು ಯಾರೋ ಯಾವುದೋ ಕಾಲದಲ್ಲಿ ವಿದೇಶದಿಂದ ತರಿಸಿದ್ದ ಒಂದು ಪುಟ್ಟ ಟ್ರ್ಯಾಕ್ಟರ್ ಅಲ್ಲಿತ್ತು. ಪೆಟ್ರೋಲಿನ ಎಂಜಿನ್ನು. ಹಗ್ಗ ಜಗ್ಗಿ ಚಾಲೂ ಮಾಡುವಂಥದು. ವಯಸ್ಸಿನಲ್ಲಿ ಅದು ಅವರಿಬ್ಬರಿಗಿಂತ ಹಿರಿಯದು. ಅರ್ಧ ಅವನು, ಅರ್ಧ ಇವನು ಹಾಕಿ ಅದನ್ನು ಕೊಂಡು ತಂದರು. ಹಿಂದೆ ಔಷಧದ ಟ್ಯಾಂಕು ಕಟ್ಟಿದರು. ಊರಿನವರು ಬಂದು ನೋಡಿ, ಇದು ಟ್ರ್ಯಾಕ್ಟರ್ ಅಲ್ಲ, ಟ್ರ್ಯಾಕ್ಟರಿನ ಮರಿ ಎಂದು ನಕ್ಕರು. ಅಂದಿನಿಂದ ಅದರ ಹೆಸರೇ ಮರಿ ಎಂದಾಯಿತು.

ಶೆಡ್ಡು ಇದ್ದದ್ದು ಧರೆಪ್ಪನ ತೋಟದಲ್ಲಿ. ಆದ್ದರಿಂದ ಮರಿ ಅಲ್ಲೇ ಇರುತ್ತಿತ್ತು. ಹಳೆಯ ಯಂತ್ರ, ಆಗಾಗ ಮುನಿಸಿಕೊಳ್ಳುತ್ತಿತ್ತು. ಆಗ ಸಿದಗೊಂಡ ಬಂದು ಅದರ ಮುಂದೆ ಕೂರುತ್ತಿದ್ದ. ಧರೆಪ್ಪ ನಟ್ಟು ಬಿಚ್ಚುವ ಪಾನಾ, ಇಕ್ಕಳ ಕೊಡುತ್ತಿದ್ದ. ಸಿದಗೊಂಡನಿಗೆ ಆ ವಿದ್ಯೆಯನ್ನು ಯಾರೂ ಕಲಿಸಿರಲಿಲ್ಲ. ಬಿಚ್ಚಿ ನೋಡುತ್ತಿದ್ದ, ಕಟ್ಟುತ್ತಿದ್ದ, ಎಷ್ಟೋ ಸಲ ತಪ್ಪು ಕಟ್ಟುತ್ತಿದ್ದ. ಇಬ್ಬರೂ ಬೈದುಕೊಳ್ಳುತ್ತ ಮತ್ತೆ ಬಿಚ್ಚುತ್ತಿದ್ದರು. ಹೇಗೋ ಒಂದು ಗಳಿಗೆಯಲ್ಲಿ ಅದು ಚಾಲೂ ಆಗುತ್ತಿತ್ತು.

ಧರೆಪ್ಪನಿಗೆ ಒಬ್ಬಳೇ ಮಗಳು, ನೀಲಗಂಗಾ. ಚಿಕ್ಕವಳಿದ್ದಾಗ ಅವಳಿಗೆ ಮೂರ್ಛೆ ಬರುತ್ತಿತ್ತು. ಒಮ್ಮೆ ಬಳ್ಳಿಗಳ ನಡುವೆ ಬಿದ್ದು ಒದ್ದಾಡುತ್ತಿದ್ದವಳನ್ನು ಮೊದಲು ಕಂಡವನು ಸಿದಗೊಂಡ. ಅವಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಡಾಕ್ಟರ ಮನೆಯವರೆಗೆ ಓಡಿದ್ದ. ಔಷಧ ನಡೆಯಿತು. ಹುಡುಗಿ ದೊಡ್ಡವಳಾಗುವ ಹೊತ್ತಿಗೆ ಕಾಯಿಲೆ ಬಿಟ್ಟುಹೋಯಿತು. ಮನೆಯಲ್ಲಿ ಆ ಮಾತನ್ನು ಎತ್ತುವುದೂ ನಿಂತುಹೋಯಿತು. ಅವಳು ಮರಿಯನ್ನು ಓಡಿಸುವುದು ಕಲಿತಳು, ಲೆಕ್ಕ ಹಾಕಿ ಔಷಧ ಕಲಸುವುದು ಕಲಿತಳು.

ಅವಳನ್ನು ನೋಡಲು ಒಂದು ಒಳ್ಳೆಯ ಮನೆತನದವರು ಬಂದರು. ಒಪ್ಪಿದರು. ಮಾತುಕತೆ ಮುಗಿಸಿ ಹೋಗುವಾಗ ಅವರು ದಾರಿಯಲ್ಲಿ ಸಿದಗೊಂಡನ ತೋಟದಲ್ಲಿ ನೀರು ಕುಡಿಯಲು ನಿಂತರು. ಪಕ್ಕದ ತೋಟದ ಹುಡುಗಿ ಹೇಗೆ ಎಂದು ವಿಚಾರಿಸಿದರು. ಬಂಗಾರದಂಥವಳು ಎಂದು ಸಿದಗೊಂಡ ಹೇಳಿದ. ಮೈಯಲ್ಲಿ ಏನಾದರೂ ಊನವುಂಟೇ ಎಂದು ಅವರು ನೇರವಾಗಿ ಕೇಳಿದರು. ಚಿಕ್ಕವಳಿದ್ದಾಗ ಮೂರ್ಛೆ ಬರುತ್ತಿತ್ತು, ಈಗ ಬಹಳ ವರ್ಷಗಳಿಂದ ಇಲ್ಲ ಎಂದು ಅವನು ಇದ್ದದ್ದನ್ನು ಇದ್ದಹಾಗೆ ಹೇಳಿದ. ಅವರು ನೀರು ಕುಡಿದು ಹೋದರು. ಮತ್ತೆ ಆ ಮನೆಯಿಂದ ಸುದ್ದಿ ಬರಲಿಲ್ಲ.

ಸಂಬಂಧ ಮುರಿದ ಕಾರಣ ಕೆಲವು ದಿನಗಳ ಮೇಲೆ ಧರೆಪ್ಪನ ಕಿವಿಗೆ ಬಿತ್ತು. ಅವನು ಕಂಡಿಯ ಹತ್ತಿರ ನಿಂತು, ನನ್ನ ಮಗಳ ಬಾಳಿಗೆ ಕಲ್ಲು ಹಾಕಿದೆ ಎಂದು ಆಳುಗಳೆಲ್ಲ ಕೇಳುವಂತೆ ಕೂಗಿದ. ಸಿದಗೊಂಡ, ಅವರು ಕೇಳಿದರು, ನಾನು ಹೇಳಿದೆ ಎಂದ. ಅಷ್ಟೇ. ತಪ್ಪಾಯಿತು ಎನ್ನಲಿಲ್ಲ. ಆ ಒಂದು ಮಾತಿಗಾಗಿ ಧರೆಪ್ಪ ಸ್ವಲ್ಪ ಹೊತ್ತು ಕಾದು ನಿಂತಿದ್ದ. ಅದು ಬರಲಿಲ್ಲ. ಮರುದಿನ ಅವನು ಜಾಲಿಯ ಮುಳ್ಳು ಕಡಿದು ತಂದು ಕಂಡಿಯನ್ನು ಮುಚ್ಚಿದ.

ಮರಿ ಧರೆಪ್ಪನ ಶೆಡ್ಡಿನಲ್ಲೇ ಉಳಿಯಿತು. ಅದರಲ್ಲಿ ನನಗೂ ಅರ್ಧ ಪಾಲಿದೆ ಎಂದು ಸಿದಗೊಂಡ ಕೇಳಲು ಬರಲಿಲ್ಲ. ಬೆನ್ನಿಗೆ ಕಟ್ಟುವ ಕೈಪಂಪುಗಳನ್ನು ತಂದುಕೊಂಡ. ಅವನು, ಅವನ ಹೆಂಡತಿ, ಅವಳ ತಮ್ಮ ಮೂವರೂ ಪಂಪು ಹೊತ್ತು ಸಾಲು ಸಾಲು ನಡೆದು ಔಷಧ ಹೊಡೆಯುತ್ತಿದ್ದರು. ಬೇಲಿಯ ಈಚೆಯಿಂದ ಧರೆಪ್ಪನಿಗೆ ಅದು ಕಾಣುತ್ತಿತ್ತು. ಮೊದಲ ವರ್ಷ ನೋಡಿ ಅವನಿಗೆ ಹಿತವೆನಿಸಿತು. ಎರಡನೆಯ ವರ್ಷ ಆ ಕಡೆ ನೋಡುವುದನ್ನು ಬಿಟ್ಟ. ಮುಂದೆ, ಆ ಕಡೆ ಪಂಪಿನ ಸದ್ದು ಕೇಳುವ ದಿನ ತಾನು ಮರಿಯನ್ನು ಹೊರಗೆ ತೆಗೆಯುತ್ತಿರಲಿಲ್ಲ. ಯಾಕೆಂದು ಹೆಂಡತಿ ಚಂದ್ರವ್ವ ಕೇಳಿದರೆ ಇನ್ನೇನೋ ಕೆಲಸ ಹೇಳುತ್ತಿದ್ದ.

ಹೀಗಿರುವಾಗ ಒಂದು ವರ್ಷ, ಬಳ್ಳಿಗಳು ಹೂವಿಗೆ ಬಂದ ಹೊತ್ತಿನಲ್ಲಿ, ಬಾರದ ಕಾಲದ ಮಳೆ ಬಂತು. ರಾತ್ರಿಯೆಲ್ಲ ಸುರಿದು ಬೆಳಗಿಗೆ ನಿಂತಿತು. ದ್ರಾಕ್ಷಿಯವರಿಗೆ ಅದು ಎಂಥ ಮಳೆಯೆಂದು ಹೇಳಬೇಕಾಗಿಲ್ಲ. ನೆನೆದ ಎಲೆಯ ಮೇಲೆ ಬಿಸಿಲು ಬಿದ್ದರೆ ಬೂಜು ಹತ್ತುತ್ತದೆ. ಎಲೆಯಿಂದ ಹೂವಿಗೆ ಇಳಿದರೆ ಗೊಂಚಲು ಕಪ್ಪಾಗಿ ಉದುರುತ್ತದೆ. ಅದೇ ದಿನ ಔಷಧ ಹೊಡೆಯಬೇಕು. ಮೋಡ ಇನ್ನೂ ಚದುರಿರಲಿಲ್ಲ. ಸಂಜೆಗೆ ಮತ್ತೆ ಮಳೆ ಇದೆ ಎನ್ನುತ್ತಿದ್ದರು.

ಧರೆಪ್ಪ ಬೆಳಕು ಹರಿಯುತ್ತಲೇ ಔಷಧ ಕಲಸಿ ಟ್ಯಾಂಕು ತುಂಬಿಸಿದ. ಮರಿಯ ಹಗ್ಗ ಜಗ್ಗಿದ. ಅದು ಚಾಲೂ ಆಗಲಿಲ್ಲ. ಮತ್ತೆ ಜಗ್ಗಿದ. ಭುಜ ಸೋಲುವವರೆಗೆ ಜಗ್ಗಿದ. ಎಂಜಿನ್ನು ತಿರುಗುತ್ತಿತ್ತು, ಹೊತ್ತಿಕೊಳ್ಳುತ್ತಿರಲಿಲ್ಲ.

ನೀಲಗಂಗಾ ಬಂದಳು. ತಂದೆ ಮಗಳು ಒಂದೊಂದಾಗಿ ನೋಡುತ್ತ ಹೋದರು. ಪೆಟ್ರೋಲಿನ ಪೈಪು ಕಳಚಿ ಹಿಡಿದರು, ಪೆಟ್ರೋಲು ಧಾರೆಯಾಗಿ ಬಂತು. ಟ್ಯಾಂಕಿನ ಮುಚ್ಚಳದ ಸಣ್ಣ ತೂತಿಗೆ ಸೂಜಿ ಹಾಕಿ ನೋಡಿದರು, ಅದು ತೆರೆದೇ ಇತ್ತು. ಗಾಳಿ ಒಳಗೆ ಹೋಗುವ ಜಾಲರಿಯನ್ನು ತೊಳೆದು ಒರೆಸಿ ಹಾಕಿದರು. ಪ್ಲಗ್ ಬಿಚ್ಚಿದರು, ಅದು ಪೆಟ್ರೋಲಿನಿಂದ ತೊಯ್ದಿತ್ತು. ಒಣಗಿಸಿ, ವೈರು ಸಿಕ್ಕಿಸಿ, ನೀಲಗಂಗಾ ಅದನ್ನು ಇಕ್ಕಳದಲ್ಲಿ ಎಂಜಿನ್ನಿನ ಮೈಗೆ ತಾಗಿಸಿ ಹಿಡಿದಳು. ಧರೆಪ್ಪ ಹಗ್ಗ ಜಗ್ಗಿದ. ಕಿಡಿ ಹಾರಿತು. ಪ್ಲಗ್ ಇದ್ದ ತೂತಿನ ಮೇಲೆ ಹೆಬ್ಬೆರಳಿಟ್ಟು ಜಗ್ಗಿದರೆ ಒಳಗಿನ ಗಾಳಿ ಬೆರಳನ್ನು ನೂಕುತ್ತಿತ್ತು.

ಪೆಟ್ರೋಲು ಇದೆ, ಗಾಳಿ ಇದೆ, ಕಿಡಿ ಇದೆ, ಒತ್ತಡ ಇದೆ. ಇಷ್ಟಿದ್ದ ಮೇಲೆ ಎಂಜಿನ್ನು ಓಡಲೇಬೇಕು. ಓಡುತ್ತಿಲ್ಲ. ಧರೆಪ್ಪ ಮೊದಲಿನಿಂದ ಮತ್ತೆ ನೋಡಿದ. ಮತ್ತೆ ಎಲ್ಲವೂ ಸರಿಯಿತ್ತು.

ಪೇಟೆಯ ಮೆಕ್ಯಾನಿಕ್ಕಿಗೆ ಫೋನು ಮಾಡಿದರೆ, ಎಲ್ಲ ತೋಟದವರೂ ಕರೆಯುತ್ತಿದ್ದಾರೆ, ನಾಳೆ ಸಂಜೆಗೆ ಬಂದೇನು ಎಂದ. ಆಳುಗಳನ್ನು ಕೇಳಿದರೆ ಅವರೆಲ್ಲ ನಸುಕಿನಲ್ಲೇ ಬೇರೆ ಬೇರೆ ತೋಟಗಳಿಗೆ ಹೋಗಿಯಾಗಿತ್ತು. ಮನೆಯಲ್ಲಿ ಒಂದು ಹಳೆಯ ಕೈಪಂಪು ಇತ್ತು. ಅದೊಂದರಲ್ಲಿ ಇಡೀ ತೋಟ ಮುಗಿಸುವ ಹೊತ್ತಿಗೆ ಬೂಜು ತನ್ನ ಕೆಲಸ ಮುಗಿಸಿರುತ್ತಿತ್ತು.

ಅವನು ಮತ್ತೆ ಹಗ್ಗ ಹಿಡಿದ. ಆಗ ಒಂದು ಸಂಗತಿ ಅವನ ಗಮನಕ್ಕೆ ಬಂತು. ಬೇಲಿಯ ಆಚೆ ಸಿದಗೊಂಡ ಔಷಧ ಹೊಡೆಯುತ್ತಿದ್ದ. ಅವನ ಪಂಪಿನ ಸದ್ದು ಬೆಳಗಿನಿಂದ ಕೇಳುತ್ತಿತ್ತು. ಇತ್ತ ಧರೆಪ್ಪ ಹಗ್ಗ ಜಗ್ಗಿದಾಗಲೆಲ್ಲ ಅತ್ತ ಪಂಪು ನಿಲ್ಲುತ್ತಿತ್ತು. ಎಂಜಿನ್ನು ತಿರುಗಿ ಸುಮ್ಮನಾದ ಮೇಲೆ ಅದು ಮತ್ತೆ ಶುರುವಾಗುತ್ತಿತ್ತು. ನಿಜವೋ ಭ್ರಮೆಯೋ ನೋಡೋಣವೆಂದು ಧರೆಪ್ಪ ಇನ್ನೊಮ್ಮೆ ಜಗ್ಗಿದ. ಪಂಪು ನಿಂತಿತು.

ಅವನು ಮುಖ ತಗ್ಗಿಸಿದ. ನೀಲಗಂಗಾ ಕೂಡ ಅದನ್ನು ಕೇಳಿಸಿಕೊಂಡಿದ್ದಳು. ಅವಳು ಇಕ್ಕಳವನ್ನು ಕೆಳಗಿಟ್ಟು, ಸಿಟ್ಟೂ ಇಲ್ಲದ ಅಳುವೂ ಇಲ್ಲದ ದನಿಯಲ್ಲಿ ಹೇಳಿದಳು:

“ಅಪ್ಪಾ, ಸಿದಗೊಂಡ ಕಾಕಾ ಅವತ್ತು ಹೇಳಿದ್ದು ನನ್ನ ಸುದ್ದಿ. ನನಗ ಅವರ ಮ್ಯಾಲೆ ಸಿಟ್ಟಿಲ್ಲ. ಇಷ್ಟು ವರ್ಷ ನೀ ಯಾರ ಸಿಟ್ಟು ಇಟಗೊಂಡು ಕುಂತಿ?”

ಇದುವರೆಗೆ ಧರೆಪ್ಪ, ಆ ಸಿಟ್ಟನ್ನು ಮಗಳಿಗಾಗಿ ಹೊತ್ತಿದ್ದೇನೆ ಎಂದುಕೊಂಡಿದ್ದ. ಅವಳು ಅದನ್ನು ಯಾವತ್ತೂ ಬಯಸಿರಲಿಲ್ಲ ಎಂಬುದು ಅವನಿಗೆ ಅವತ್ತೇ ತಿಳಿದದ್ದು. ಇನ್ನೊಂದು ಮಾತೂ ಅವನೊಳಗೆ ಎದ್ದಿತು. ಹುಡುಗನ ಕಡೆಯವರು ತನ್ನ ಮನೆಯ ಪಡಸಾಲೆಯಲ್ಲಿ ಅರ್ಧ ದಿನ ಕೂತಿದ್ದರು. ಹೇಳಬೇಕೆಂದಿದ್ದರೆ ತಾನೇ ಹೇಳಬಹುದಿತ್ತು. ಆ ಯೋಚನೆಯನ್ನು ಅವನು ಬೇಗ ಪಕ್ಕಕ್ಕೆ ಸರಿಸಿದ.

ಬರೀ ಮರಿಯ ಸಲುವಾಗಿ ಹೋಗುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡು ಎದ್ದ. ಅವನು ಹಾಕಿದ ಮುಳ್ಳು ಮಣ್ಣಿಗೆ ಕಚ್ಚಿಕೊಂಡು ಕೂತಿತ್ತು. ಬಿಡಿಸುವಾಗ ಅಂಗೈ ಹರಿದು ರಕ್ತ ಬಂತು. ದಾಟಿ ಹೋಗಿ ಸಾಲಿನ ತುದಿಯಲ್ಲಿ ನಿಂತ. ಸಿದಗೊಂಡ ಪಂಪು ಹೊತ್ತು ಎದುರಿಗೆ ಬರುತ್ತಿದ್ದವನು ಅವನನ್ನು ಕಂಡು ನಿಂತ. ಏನು ಮಾತಾಡಬೇಕೆಂದು ಧರೆಪ್ಪ ದಾರಿಯಲ್ಲಿ ಯೋಚಿಸಿಕೊಂಡು ಬಂದಿದ್ದ. ಅದು ಒಂದೂ ನೆನಪಾಗಲಿಲ್ಲ.

“ಮರಿ ಚಾಲೂ ಆಗವಲ್ದು,” ಎಂದ.

“ಪೆಟ್ರೋಲು ಬರಾಕತ್ತೈತೇನು?” ಸಿದಗೊಂಡ ಕೇಳಿದ.

“ಬರಾಕತ್ತೈತಿ.”

“ಕಿಡಿ?”

“ನೀಲಗಂಗಾ ನೋಡ್ಯಾಳ. ಐತಿ.”

ಸಿದಗೊಂಡ ಪಂಪನ್ನು ಬೆನ್ನಿನಿಂದ ಇಳಿಸಿದ. ತೊಟ್ಟಿಯಲ್ಲಿ ಕೈ ತೊಳೆದುಕೊಂಡ. ಧರೆಪ್ಪನ ಅಂಗೈಯನ್ನು ನೋಡಿ, ಅಲ್ಲೇ ತೊಳೆದುಕೋ ಎಂದು ಸನ್ನೆ ಮಾಡಿದ. ಆಮೇಲೆ ಇಬ್ಬರೂ ಕಂಡಿಯಲ್ಲಿ ಒಬ್ಬರ ಹಿಂದೆ ಒಬ್ಬರು ದಾಟಿ ಬಂದರು.

ಶೆಡ್ಡಿಗೆ ಬಂದವನೇ ಸಿದಗೊಂಡ ಮರಿಯ ಮುಂದೆ ಕೂತ. ಧರೆಪ್ಪ ಪಕ್ಕದಲ್ಲಿ ಕೂತು ಪಾನಾ ಕೊಡತೊಡಗಿದ. ಎಷ್ಟೋ ವರ್ಷಗಳ ಮೇಲೆ ಅವನನ್ನು ಇಷ್ಟು ಹತ್ತಿರದಿಂದ ನೋಡುತ್ತಿದ್ದ. ಸಿದಗೊಂಡನ ಕತ್ತಿನ ಹಿಂದಿನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಪಂಪಿನ ಪಟ್ಟಿ ಹೆಗಲ ಮೇಲೆ ಕಪ್ಪು ಗೆರೆ ಕೊರೆದಿತ್ತು. ಧರೆಪ್ಪ ಅದನ್ನು ನೋಡಿಯೂ ನೋಡದವನಂತೆ ಕೂತ.

ಸಿದಗೊಂಡ ಕಿಡಿ ಹುಟ್ಟುವ ಜಾಗದ ಮುಚ್ಚಳ ತೆಗೆದು, ಒಳಗಿನ ಎರಡು ತುದಿಗಳನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿದ. ಮುಚ್ಚಳದ ತಿರುಪನ್ನು ಧರೆಪ್ಪನ ಕೈಗೆ ಕೊಟ್ಟಿದ್ದ. ಹಾಗೆ ಉಜ್ಜುತ್ತಲೇ, ತಲೆ ಎತ್ತದೆ, ಹೇಳಿದ:

“ಅವರು ಇವತ್ತು ಬಂದು ಕೇಳಿದರೂ ಅದನ್ನ ಹೇಳತೇನಿ, ಧರೆಪ್ಪ. ಮುಚ್ಚಿಟ್ಟು ಕೊಟ್ಟಿದ್ದರ ಆ ಹುಡುಗಿ ಅಲ್ಲಿ ದಿನಾ ಹೆದರಿಕೊಂಡು ಬಾಳಬೇಕಾಗಿತ್ತು.”

ಧರೆಪ್ಪನಿಗೆ ಸಿಟ್ಟು ಬಂತು. ಮುಳ್ಳು ಬಿಡಿಸಿಕೊಂಡು ಹೋದದ್ದು ಈ ಮಾತು ಕೇಳುವುದಕ್ಕೇ ಎನಿಸಿತು. ಅವನು ಎದ್ದು ಶೆಡ್ಡಿನಿಂದ ಹೊರಗೆ ನಡೆದ. ಹೋಗು, ನಿನ್ನ ತೋಟಕ್ಕೆ ನೀನು ಹೋಗು ಎಂದು ಹೇಳಲು ಬಾಯಿ ತೆರೆದ. ಆಗ ಮುಷ್ಟಿಯಲ್ಲಿ ಏನೋ ಒತ್ತಿದಂತಾಯಿತು. ಬಿಚ್ಚಿ ನೋಡಿದರೆ ಆ ಸಣ್ಣ ತಿರುಪು. ಅದಿಲ್ಲದೆ ಮುಚ್ಚಳ ಕೂರುವುದಿಲ್ಲ. ಎಸೆದರೆ ಆ ಹಳೆಯ ಯಂತ್ರಕ್ಕೆ ಅಂಥದು ಇನ್ನೆಲ್ಲೂ ಸಿಗುವುದಿಲ್ಲ. ಅವನು ಅಲ್ಲೇ ನಿಂತ. ಆಮೇಲೆ ಒಳಗೆ ಬಂದು ಕೂತ. ಸಿದಗೊಂಡ ತಲೆ ಎತ್ತದೆ ಕೈ ಚಾಚಿದ. ಧರೆಪ್ಪ ತಿರುಪನ್ನು ಅವನ ಅಂಗೈಯಲ್ಲಿಟ್ಟ.

ಹಗ್ಗ ಜಗ್ಗಿದರು. ಮರಿ ಒಂದು ಸಲ ಕೆಮ್ಮಿತು. ಹೊಗೆ ಬಂತು. ಬಾಗಿಲಲ್ಲಿ ನಿಂತಿದ್ದ ಚಂದ್ರವ್ವ ಕೈಜೋಡಿಸಿದಳು. ಮರುಗಳಿಗೆ ಅದು ನಿಂತುಹೋಯಿತು. ಮತ್ತೆ ಎಷ್ಟು ಜಗ್ಗಿದರೂ ಕೆಮ್ಮು ಕೂಡ ಬರಲಿಲ್ಲ. ಕಾರ್ಬ್ಯುರೇಟರು ಬಿಚ್ಚಿದರು. ಅದರ ಸಣ್ಣ ತೂತುಗಳಿಗೆಲ್ಲ ತಂತಿ ಹಾಕಿದರು. ಮತ್ತೆ ಕಟ್ಟಿದರು. ಏನೂ ಆಗಲಿಲ್ಲ. ಮೋಡದ ಸಂದಿನಿಂದ ಬಿಸಿಲು ಇಣುಕತೊಡಗಿತು.

ಸಿದಗೊಂಡ ಎದ್ದು ನಿಂತ. ಬೂಜು ನಮ್ಮನ್ನು ಕಾಯುವುದಿಲ್ಲ, ಇದನ್ನು ಇಲ್ಲಿಗೆ ಬಿಡು ಎಂದ. ತನ್ನ ತೋಟಕ್ಕೆ ಹೋಗಿ ಹೆಂಡತಿಯನ್ನೂ ಅವಳ ತಮ್ಮನನ್ನೂ ಕರೆತಂದ. ಪಂಪುಗಳನ್ನು ತಂದ. ನಿನ್ನ ತೋಟ ತಗ್ಗಿನಲ್ಲಿದೆ, ನೀರು ನಿಲ್ಲುತ್ತದೆ, ಮೊದಲು ಇದಕ್ಕೆ ಹೊಡೆಯೋಣ ಎಂದ. ಮರಿಯ ಟ್ಯಾಂಕಿನಲ್ಲಿ ಕಲಸಿಟ್ಟಿದ್ದ ಔಷಧವನ್ನೇ ಬಕೆಟ್ಟಿನಲ್ಲಿ ಇಳಿಸಿ ಪಂಪುಗಳಿಗೆ ತುಂಬಿದರು. ಪಂಪು ಹೊತ್ತವರು ಸಾಲು ಹಂಚಿಕೊಂಡರು. ಚಂದ್ರವ್ವ ಬಕೆಟ್ಟು ಹೊತ್ತು ಸಾಲಿನಿಂದ ಸಾಲಿಗೆ ಓಡಾಡಿದಳು. ಮಧ್ಯಾಹ್ನ ಸಿದಗೊಂಡನ ಹೆಂಡತಿ ಕಾಶವ್ವ ತನ್ನ ಮನೆಯಿಂದ ರೊಟ್ಟಿಯ ಗಂಟು ತಂದು ಬಿಚ್ಚಿದಳು. ಎಲ್ಲರೂ ಬದುವಿನ ಮೇಲೆ ನಿಂತುಕೊಂಡೇ ತಿಂದರು. ಹಳೆಯ ಮಾತನ್ನು ಯಾರೂ ಎತ್ತಲಿಲ್ಲ. ಎತ್ತುವಷ್ಟು ಹೊತ್ತೂ ಇರಲಿಲ್ಲ.

ಕೊನೆಯ ಸಾಲು ಮುಗಿಯುವಾಗ ಮೊದಲ ಹನಿಗಳು ಬಿದ್ದವು. ಪಂಪು ಇಳಿಸಿ ಧರೆಪ್ಪ ಬೇಲಿಯ ಕಡೆ ನೋಡಿದ. ಆಗ ಅವನಿಗೆ ನೆನಪಾಯಿತು. ತಾನು ಕರೆಯಲು ಹೋದಾಗ ಸಿದಗೊಂಡನ ಕೆಲಸ ಅರ್ಧವೇ ಆಗಿತ್ತು. ಅವನ ತೋಟದ ಮೇಲಿನ ಭಾಗಕ್ಕೆ ಔಷಧ ಬಿದ್ದಿರಲಿಲ್ಲ. ಈಗ ಮಳೆ ಬಂದಾಗಿತ್ತು. ಅವನು ಸಿದಗೊಂಡನ ಮುಖ ನೋಡಿದ. ಸಿದಗೊಂಡ ಪಂಪು ತೊಳೆಯುತ್ತಿದ್ದ. ಅವನಿಗೆ ಇದು ಬೆಳಗ್ಗೆಯೇ ಗೊತ್ತಿತ್ತು ಎಂದು ಧರೆಪ್ಪನಿಗೆ ಅರ್ಥವಾಯಿತು. ಏನೋ ಹೇಳಲು ಹೋದ. ಸಿದಗೊಂಡ, ಮಳೆ ಜೋರಾಗುತ್ತದೆ, ಒಳಗೆ ಹೋಗು ಎಂದು ಹೇಳಿ, ಪಂಪುಗಳನ್ನು ಎತ್ತಿಕೊಂಡು ಹೋಗಿಬಿಟ್ಟ.

ಮರುದಿನ ಮಳೆ ನಿಂತ ತಕ್ಷಣ ಧರೆಪ್ಪ ತನ್ನ ಹಳೆಯ ಪಂಪು ಹೊತ್ತು ಸಿದಗೊಂಡನ ತೋಟದ ಮೇಲಿನ ಸಾಲುಗಳಿಗೆ ಹೋದ. ನೀಲಗಂಗಾ ಹಿಂದೆ ಬಂದಳು. ತಡವಾಗಿತ್ತು. ಎಲೆಗಳ ಕೆಳಗೆ ಬಿಳಿಯ ಬೂಜು ಕಾಣಿಸಿಕೊಂಡಿತ್ತು. ಅವನು ಆದರೂ ಹೊಡೆಯತೊಡಗಿದ. ಸಿದಗೊಂಡ ಬಂದು ನೋಡಿದ. ಬೇಡ ಎನ್ನಲಿಲ್ಲ. ಎಲೆಯ ಕೆಳಮೈಗೆ ಸರಿಯಾಗಿ ಬೀಳುವ ಹಾಗೆ ಹೊಡಿ ಎಂದಷ್ಟೇ ಹೇಳಿ ಪಕ್ಕದ ಸಾಲು ಹಿಡಿದ.

ಆ ವರ್ಷ ಧರೆಪ್ಪನ ಬೆಳೆ ಬಹುಪಾಲು ಉಳಿಯಿತು. ಸಿದಗೊಂಡನ ಮೇಲಿನ ಸಾಲುಗಳು ಹೋದವು. ಉಳಿದ ಹಣ್ಣನ್ನು ಇಬ್ಬರೂ ಒಂದೇ ಗಾಡಿಯಲ್ಲಿ ಮಾರುಕಟ್ಟೆಗೆ ಕಳಿಸಿದರು. ಸಿದಗೊಂಡ ತನ್ನ ನಷ್ಟದ ಮಾತನ್ನು ಯಾವತ್ತೂ ಆಡಲಿಲ್ಲ. ಅಂದು ಹೇಳಿದ್ದು ತಪ್ಪು ಎಂದೂ ಅವನು ಹೇಳಲಿಲ್ಲ. ಧರೆಪ್ಪನೂ ಅದನ್ನು ಸರಿಯೆಂದು ಒಪ್ಪಲಿಲ್ಲ. ಆಮೇಲೆ ಆ ವಿಷಯ ಯಾವಾಗಲಾದರೂ ಬಂದರೆ ಇಬ್ಬರೂ ಜೋರಾಗಿಯೇ ಮಾತನಾಡುತ್ತಿದ್ದರು. ಕಾಶವ್ವ ಒಳಗಿನಿಂದ ಚಹಾ ತರುವವರೆಗೆ ಮಾತನಾಡುತ್ತಿದ್ದರು.

ಮುಂದೆ ನೀಲಗಂಗಾಳನ್ನು ನೋಡಲು ಬೇರೊಂದು ಊರಿನಿಂದ ಬಂದರು. ಅವರು ಕೂತು ನೀರು ಕುಡಿಯುವ ಮೊದಲೇ ಧರೆಪ್ಪ ಮೂರ್ಛೆಯ ಮಾತನ್ನು ತಾನೇ ಹೇಳಿದ. ಏನನ್ನೂ ಬಿಡದೆ ಪೂರ್ತಿ ಹೇಳಿದ. ಅವರು ಎದ್ದು ಹೋದರು. ಇನ್ನೊಂದು ವರ್ಷ ಇನ್ನೊಬ್ಬರು ಬಂದರು. ಅವರಿಗೂ ಹಾಗೆಯೇ ಹೇಳಿದ. ಅವರು ಹುಡುಗಿಯನ್ನೇ ಕರೆದು ಕೇಳಿದರು. ಅವಳು ಇದ್ದದ್ದನ್ನು ಹೇಳಿದಳು. ಅವರು ಎದ್ದು ಹೋಗಲಿಲ್ಲ, ಊಟಕ್ಕೆ ಕೂತರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕತೆಯ ಮುಂದಿನ ಮಾತಿಗಾಗಿ ಕಾದ. ಅದು ಬರಲಿಲ್ಲ. ದಾಸೋಹದ ಕಡೆಯಿಂದ ಪಾತ್ರೆಗಳ ಸದ್ದು ಕೇಳುತ್ತಿತ್ತು. ಮಧ್ಯಾಹ್ನದ ಪಂಕ್ತಿಗೆ ಸಿದ್ಧತೆ ನಡೆದಿತ್ತು. ಶಿಷ್ಯ ಏಳಬೇಕೆಂದವನು ಏಳಲಾರದೆ ಕೂತ. ಅವನ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿದಿತ್ತು. ಅದು ಯಂತ್ರದ್ದೋ ಆ ಇಬ್ಬರದೋ ಎಂದು ಅವನಿಗೇ ಸ್ಪಷ್ಟವಿರಲಿಲ್ಲ.

“ಗುರುಗಳೇ, ದೋಷ ಎಲ್ಲಿತ್ತು ಎಂದು ಕೊನೆಗಾದರೂ ಗೊತ್ತಾಯಿತೇ?” ಎಂದು ಕೇಳಿದ.

“ಪ್ರತಿ ಅಮಾವಾಸ್ಯೆ, ತೋಟದ ಕೆಲಸಕ್ಕೆ ಬಿಡುವಿನ ದಿನ, ಇಬ್ಬರೂ ಮರಿಯನ್ನು ಬಿಚ್ಚಿಕೊಂಡು ಎದುರುಬದುರು ಕೂತು ಹುಡುಕುತ್ತಾರೆ, ಇನ್ನೂ ಸಿಕ್ಕಿಲ್ಲ,” ಎಂದರು ಗುರುಗಳು.